ಕಾರಿನ ಮಿರರ್ ಕವರ್‌ಗೆ ಮನೆಯಲ್ಲೇ ಬಣ್ಣ ಹೊಡೆಯುವ ಕ್ರಮ

ಕಾರಿನ ಬಣ್ಣದ ಕೆಲಸಕ್ಕೆ ಮೊದಲ ಸಲ ಕೈ ಹಾಕುವವರು ಪಕ್ಕದ ಕನ್ನಡಿಯ ಕವರಿನಿಂದ ಶುರು ಮಾಡುವುದು ಒಳ್ಳೆಯದು. ಅಂಗೈ ಅಗಲದ ಭಾಗ, ಕ್ಲಿಪ್ ಬಿಡಿಸಿದರೆ ಕೈಗೆ ಬರುತ್ತದೆ, ಮೇಜಿನ ಮೇಲಿಟ್ಟು ಸುತ್ತಲೂ ಕೆಲಸ ಮಾಡಬಹುದು. ಕೆಟ್ಟರೆ ಉಜ್ಜಿ ಮತ್ತೆ ಹೊಡೆಯಬಹುದು. ಇನ್ನೂ ದೊಡ್ಡ ಅನುಕೂಲವೆಂದರೆ ಅದು ಬಾಗಿಲಿಗೆ ಕೂಡಿಕೊಂಡಿಲ್ಲ, ನಡುವೆ ಸಂದಿದೆ, ಬಾಗೂ ಬೇರೆ. ಹೊಸ ಬಣ್ಣ ಹಳೆಯದಕ್ಕಿಂತ ಒಂದು ಎಳೆ ಆಚೀಚೆ ಆದರೂ ಕಣ್ಣಿಗೆ ಹೊಡೆಯುವುದಿಲ್ಲ. ಅದೇ ವ್ಯತ್ಯಾಸ ಬಾಗಿಲಿನ ನಡುಮಧ್ಯದಲ್ಲಿ ಬಂದರೆ ದೂರದಿಂದಲೇ ಕಲೆಯಂತೆ ಕಾಣುತ್ತದೆ. ಹಾಗಾಗಿ ಬಾಗಿಲು, ಬಾನೆಟ್, ಫೆಂಡರ್ ಇವುಗಳ ಆಸೆ ಮೊದಲ ಕೆಲಸದಲ್ಲಿ ಬೇಡ.

ಮನೆಯಲ್ಲಿ ಹೊಡೆದ ಬಣ್ಣ ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಎದ್ದು ಬಂದರೆ ಸ್ಪ್ರೇ ಹೊಡೆದ ಕೈಯನ್ನು ದೂರುವುದು ವಾಡಿಕೆ. ಆದರೆ ಅಂಥ ಕೆಲಸದಲ್ಲಿ ತಪ್ಪು ಸಾಮಾನ್ಯವಾಗಿ ಸ್ಪ್ರೇಗಿಂತ ಮೊದಲೇ ಆಗಿರುತ್ತದೆ: ಕೆಳಗಿನ ಪದರಕ್ಕೆ ಮೇಲಿನದು ಹಿಡಿದುಕೊಂಡಿರುವುದಿಲ್ಲ. ಎಣ್ಣೆಯಂಶ ಉಳಿದಿರುತ್ತದೆ, ಉಜ್ಜಿದ್ದು ಸಾಲದೆ ಹೊಳಪು ಉಳಿದಿರುತ್ತದೆ, ಇಲ್ಲವೇ ಒಣಗುವ ಮೊದಲೇ ಮುಂದಿನ ಕೋಟ್ ಬಿದ್ದಿರುತ್ತದೆ. ಕೆಳಗೆ ಹೇಳುವ ಪ್ರತಿ ಹೆಜ್ಜೆಯಲ್ಲೂ ಈ ಹಿಡಿತವನ್ನೇ ನೆನಪಿಟ್ಟುಕೊಳ್ಳಿ.

ಬಣ್ಣ ನಿಜವಾಗಿ ಬೇಕೇ?

ಮೊದಲು ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿ ಹೋದರೆ ಗೀರು ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ ಮಾತ್ರ ಇದೆ, ಪಾಲಿಶ್ ಕಾಂಪೌಂಡ್ ಸಾಕು. ಸಿಕ್ಕಿಕೊಂಡರೆ, ಅಥವಾ ಗೀರಿನೊಳಗೆ ಬಣ್ಣಕ್ಕೆ ಅಡಿಯಲ್ಲಿ ಹೊಡೆಯುವ ಬೂದು ಪ್ರೈಮರ್, ಕಪ್ಪು ಪ್ಲಾಸ್ಟಿಕ್ ಕಾಣುತ್ತಿದ್ದರೆ ಬಣ್ಣದ ಕೆಲಸವೇ ಆಗಬೇಕು. ಕಾರ್ಖಾನೆಯ ಬಣ್ಣದ ಎಲ್ಲಾ ಪದರ ಸೇರಿಸಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಒಂದೆರಡು ಕೂದಲೆಳೆಯಷ್ಟು. ಅದರಲ್ಲಿ ಕ್ಲಿಯರ್ ಕೋಟ್ 40-50 ಮೈಕ್ರಾನ್. ಪಾಲಿಶ್ ಮಾಡುತ್ತಲೇ ಹೋದರೆ ಕ್ಲಿಯರ್ ಸವೆದು ಬಣ್ಣ ಬೆತ್ತಲಾಗುವುದು ಇದೇ ಕಾರಣಕ್ಕೆ.

ಬಣ್ಣದ ಕೋಡ್

‘ಬೆಳ್ಳಿ ಬಣ್ಣ ಕೊಡಿ’ ಎಂದು ಕೇಳಿ ತಂದ ಕ್ಯಾನ್ ಹೊಂದುವುದಿಲ್ಲ. ಸಾಮಾನ್ಯವಾಗಿ ಕಾರಿನ ಮೇಲೆ ಬಣ್ಣದ ಕೋಡ್ ಬರೆದ ಸ್ಟಿಕ್ಕರ್ ಅಥವಾ ತಗಡಿನ ಪಟ್ಟಿ ಇರುತ್ತದೆ. ಡ್ರೈವರ್ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ, ಬಾನೆಟ್ ಕೆಳಗೆ ಅಥವಾ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಹತ್ತಿರ ಹುಡುಕಿ. ಆ ಕೋಡ್ ಕೊಟ್ಟು ಮಿಕ್ಸ್ ಮಾಡಿಸಿ ಕ್ಯಾನಿಗೆ ತುಂಬಿಸಿದ ಬೇಸ್ ಕೋಟ್ (ಕ್ಲಿಯರ್ ಕೆಳಗಿನ ಬಣ್ಣದ ಪದರ) ತನ್ನಿ. ಅಷ್ಟಾದರೂ ನೂರಕ್ಕೆ ನೂರು ಹೊಂದದೆ ಇರಬಹುದು. ಒಂದೇ ಕೋಡಿನಲ್ಲೂ ಕಾರ್ಖಾನೆಯಿಂದ ಚೂರು ಭೇದದ ಛಾಯೆಗಳು ಬರುತ್ತವೆ, ಬಿಸಿಲಿಗೆ ನಿಂತ ಬಣ್ಣವೂ ಬದಲಾಗಿರುತ್ತದೆ.

ಕಪ್ಪು, ಬಿಳಿ, ಕೆಂಪಿನ ಸಾದಾ ಬಣ್ಣಗಳು ಹೊಸಬರಿಗೆ ಸುಲಭ. ಮೆಟಾಲಿಕ್ ಆದರೆ ಕೈಯ ವೇಗ, ದೂರ ಎಲ್ಲವೂ ಛಾಯೆಯಲ್ಲಿ ಕಾಣುತ್ತದೆ, ಅದರಲ್ಲೂ ಬೆಳ್ಳಿ ಬಣ್ಣ ಸ್ವಲ್ಪವೂ ಕ್ಷಮಿಸುವುದಿಲ್ಲ. ಮುತ್ತಿನ ಬಿಳಿಯಲ್ಲಿ ಅಡಿಬಣ್ಣ, ಅದರ ಮೇಲೆ ಪರ್ಲ್ ಪದರ, ಆಮೇಲೆ ಕ್ಲಿಯರ್ ಹೀಗೆ ಮೂರು ಹಂತ. ಪರ್ಲ್ ಒಂದು ಕೋಟ್ ಹೆಚ್ಚು ಕಡಿಮೆಯಾದರೆ ಛಾಯೆಯೇ ಬೇರೆ. ಅದನ್ನು ಮೊದಲ ಕೆಲಸವಾಗಿ ಹಿಡಿಯಬೇಡಿ.

ಬೇಕಾದ ಸಾಮಾನು

ಎರಡೂ ಕಡೆಯ ಕವರ್‌ಗೆ 400 ಮಿ.ಲೀ. ಪ್ರೈಮರ್ ಒಂದು ಕ್ಯಾನ್, ಬೇಸ್ ಕೋಟ್ ಒಂದು, ಕ್ಲಿಯರ್ ಒಂದು. ಮೊದಲು ಬಣ್ಣ ಹೊಡೆದು ನೋಡುವ ಪರೀಕ್ಷೆಯ ಕಾರ್ಡಿಗೂ ಸೇರಿ ಇಷ್ಟು ಸಾಕು, ಉಳಿಯುತ್ತದೆ ಕೂಡ. ಬೇಸ್ ಮತ್ತು ಕ್ಲಿಯರ್ ಒಂದೇ ಕಂಪನಿಯ ಒಂದೇ ಸರಣಿಯದಾಗಿರಲಿ. ಬೇರೆ ಬೇರೆ ಮಾಡಿದರೆ ಮೇಲಿನ ದ್ರಾವಕ ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸುವ ಅಪಾಯವಿದೆ. ನೀರು ಹಾಕಿ ಉಜ್ಜುವ ವಾಟರ್ ಪೇಪರ್ 240, 400, 600, 800, 2000 ಮತ್ತು 3000 ನಂಬರಿನದು (ನಂಬರು ಹೆಚ್ಚಿದಷ್ಟೂ ನಯ) ಎರಡೆರಡು ಹಾಳೆ. ಇವಲ್ಲದೆ ಬೂದು ಬಣ್ಣದ ಸ್ಕಫ್ ಪ್ಯಾಡ್, ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ಕ್ಲೀನರ್, ನೂಲು ಬಿಡದ ಬಟ್ಟೆ ನಾಲ್ಕಾರು, ಧೂಳು ಹಿಡಿಯುವ ಅಂಟು ಬಟ್ಟೆ, ಪೇಂಟಿಂಗ್‌ಗೆಂದೇ ಬರುವ ಮಾಸ್ಕಿಂಗ್ ಟೇಪ್, ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಬೇಕು.

ಕ್ಲಿಯರ್ ಆರಿಸುವಾಗ ಒನ್ ಕೆ, ಟೂ ಕೆ ಎಂಬ ಎರಡು ಬಗೆ ಎದುರಾಗುತ್ತವೆ. ಒನ್ ಕೆ ದ್ರಾವಕ ಆರಿ ಒಣಗುತ್ತದೆ. ಟೂ ಕೆ ಕ್ಯಾನಿನ ತಳದಲ್ಲಿ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದಾಗ ಒಳಗಿನ ಹಾರ್ಡನರ್ ಬೆರೆತು ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಒತ್ತಿದ ಮೇಲೆ ಒಂದೆರಡು ದಿನದೊಳಗೆ ಬಳಸಿ ಮುಗಿಸಬೇಕು, ಆಮೇಲೆ ಕ್ಯಾನಿನೊಳಗೇ ಗಟ್ಟಿಯಾಗುತ್ತದೆ. ಗಟ್ಟಿತನ, ಹೊಳಪು, ಬಾಳಿಕೆ ಎಲ್ಲದರಲ್ಲೂ ಟೂ ಕೆ ಮೇಲು. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಉಸಿರಿನ ಜೊತೆ ಒಳಗೆ ಹೋದರೆ ಬಿಡದ ಆಸ್ತಮಾ ತರಬಲ್ಲದು, ವಾಸನೆಯಿಂದ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದನ್ನು ದಿನವೂ ಹೊಡೆಯುವವರು ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಹಾಕುತ್ತಾರೆ. ಅಂಥದ್ದು ಇಲ್ಲದ ಮನೆಯಲ್ಲಿ ಮಿರರ್ ಕವರ್‌ಗೆ ಒನ್ ಕೆ ಸಾಕು, ಅದನ್ನೇ ತನ್ನಿ. ಒಂದು ಮಾತು ಗಮನದಲ್ಲಿರಲಿ: ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಒನ್ ಕೆ ನಡೆಯದು. ಹಾಕಿಸುವಾಗ ತೊಟ್ಟಿಕ್ಕಿದ ಪೆಟ್ರೋಲ್ ಅದನ್ನು ಮೆತ್ತಗಾಗಿಸುತ್ತದೆ. ಆ ಮುಚ್ಚಳವನ್ನು ಬಿಚ್ಚಿಕೊಂಡು ಹೋಗಿ ಪೇಂಟ್ ಬೂತ್ ಇರುವವರ ಹತ್ತಿರ ಮಾಡಿಸುವುದೇ ಸರಿ.

ಒನ್ ಕೆ ಹೊಡೆಯುವಾಗಲೂ ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಬಟ್ಟೆ, ಸರ್ಜಿಕಲ್ ಮಾಸ್ಕ್, ಧೂಳಿನ ಮಾಸ್ಕ್ ಯಾವುದೂ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದು (ಆರ್ಗ್ಯಾನಿಕ್ ವೇಪರ್) ಬರೆದಿರುವ ಕಾರ್ಟ್ರಿಡ್ಜ್, ಅದರ ಮುಂದೆ ಕಣ ಸೋಸುವ ಫಿಲ್ಟರ್ ಇರುವ ಮಾಸ್ಕ್ ಬೇಕು. ಗಡ್ಡವಿದ್ದರೆ ಅಂಚು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

ಜಾಗ ಮತ್ತು ಹವೆ

ಗಾಳಿ ಆಡುವ, ಆದರೆ ಬೀಸದ ಜಾಗ ಬೇಕು. ಬಾಗಿಲು ತೆರೆದ ಗ್ಯಾರೇಜು ಅಥವಾ ಮೂರು ಕಡೆ ಮರೆಯಿರುವ ಪಡಸಾಲೆ ಒಳ್ಳೆಯದು. ಹತ್ತಿರದಲ್ಲಿ ಉರಿಯುವ ಒಲೆ, ಗೀಸರ್, ಬೀಡಿ ಸಿಗರೇಟು, ಕಿಡಿ ಹಾರಿಸುವ ಯಂತ್ರ ಇರಬಾರದು. ಕ್ಯಾನಿನಿಂದ ಬರುವ ಗ್ಯಾಸು ಮತ್ತು ದ್ರಾವಕ ಎರಡೂ ಹೊತ್ತಿಕೊಳ್ಳುವಂಥವು. ಶುರುವಿಗೆ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಕಾಲಡಿಯ ಧೂಳು ಏಳುವುದಿಲ್ಲ.

ಉಷ್ಣತೆ 18ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ತೀರಾ ತಣ್ಣಗಿದ್ದರೆ ಬಣ್ಣ ಆರದೆ ಕೆಳಗಿಳಿಯುತ್ತದೆ. ಸುಡು ಬಿಸಿಲಿನಲ್ಲಿ ಹನಿ ಭಾಗವನ್ನು ಮುಟ್ಟುವ ಮೊದಲೇ ಅರ್ಧ ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಮಳೆ ಹಿಡಿದ ದಿನ, ಗಾಳಿಯಲ್ಲಿ ಪಸೆ ಇರುವ ದಿನ ಕೆಲಸ ಮುಂದೂಡಿ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಕ್ಲಿಯರ್ ಹಾಲಿನಂತೆ ಬೆಳ್ಳಗಾಗುತ್ತದೆ.

ಬಿಚ್ಚುವುದು, ತೊಳೆಯುವುದು

ಕವರ್ ಬಿಚ್ಚುವ ಬಗೆ ಕಾರಿನಿಂದ ಕಾರಿಗೆ ಬೇರೆ. ಕೆಲವಕ್ಕೆ ಹೊರಗಿನಿಂದ ಸಂದಿನಲ್ಲಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೀಟಿದರೆ ಸಾಕು, ಕೆಲವಕ್ಕೆ ಮೊದಲು ಕನ್ನಡಿಯ ಗಾಜನ್ನೇ ತೆಗೆದು ಒಳಗಿನ ಕ್ಲಿಪ್ ಒತ್ತಬೇಕು. ನಿಮ್ಮ ಮಾದರಿಯ ಕ್ರಮ ನೋಡಿಕೊಂಡೇ ಕೈ ಹಾಕಿ. ಕಬ್ಬಿಣದ ಸ್ಕ್ರೂಡ್ರೈವರ್ ಬಳಸಬೇಡಿ, ಅಂಚು ಕಚ್ಚಿಹೋಗುತ್ತದೆ. ಚಳಿಯಲ್ಲಿ ಕ್ಲಿಪ್ ಪಟ್ಟನೆ ಮುರಿಯುತ್ತದೆ, ಉಗುರುಬೆಚ್ಚಗೆ ಮಾಡಿಕೊಂಡು ತೆಗೆಯಿರಿ.

ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒಳಹೊರಗೆ ತೊಳೆದು ಒಣಗಿಸಿ. ನಂತರ ಉಜ್ಜುವುದಕ್ಕೆ ಮೊದಲೇ ಕ್ಲೀನರ್‌ನಿಂದ ಒರೆಸಿ. ಈ ಕ್ರಮವನ್ನು ತಿರುಗು ಮುರುಗು ಮಾಡಿದರೆ ಪಾಲಿಶ್, ವ್ಯಾಕ್ಸ್‌ಗಳ ಅಂಶವನ್ನು ವಾಟರ್ ಪೇಪರೇ ಗೀರುಗಳೊಳಗೆ ತಿಕ್ಕಿ ತುಂಬುತ್ತದೆ, ಮತ್ತೆ ತೆಗೆಯುವುದು ಕಷ್ಟ. ಒರೆಸಲು ಎರಡು ಬಟ್ಟೆ: ಒಂದರಲ್ಲಿ ಕ್ಲೀನರ್ ಹಚ್ಚಿ, ಅದು ತಾನಾಗಿ ಆರುವ ಮೊದಲು ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಆರಲು ಬಿಟ್ಟರೆ ಕರಗಿದ ಎಣ್ಣೆ ಅಲ್ಲೇ ಮರಳಿ ಕೂರುತ್ತದೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಚ್ಚಿನ ಜಿಡ್ಡು ಸಾಕು ಬಣ್ಣ ಕೆಡಲು. ಥಿನ್ನರ್‌ನಲ್ಲಿ ಒರೆಸುವ ಅಭ್ಯಾಸವೂ ಬೇಡ. ಕವರ್ ಎಬಿಎಸ್ ಪ್ಲಾಸ್ಟಿಕ್ ಆಗಿದ್ದರೆ ಥಿನ್ನರ್ ಅದನ್ನೇ ಕರಗಿಸುತ್ತದೆ.

ಯಾವ ಪ್ಲಾಸ್ಟಿಕ್ ಎಂದು ಕವರಿನ ಒಳಮೈಯಲ್ಲಿ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಮಿರರ್ ಕವರ್ ಬಹುಪಾಲು ಎಬಿಎಸ್, ಬಂಪರ್ ಬಹುಪಾಲು ಪಿಪಿ (ಪಾಲಿಪ್ರೊಪಿಲೀನ್) ಅಥವಾ ಅದರ ಮಿಶ್ರಣ.

ಉಜ್ಜುವುದು

ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ಕೀಳಬೇಕಾಗಿಲ್ಲ, ಅದೇ ಒಳ್ಳೆಯ ತಳಪಾಯ. ಗೀರು ಬಿದ್ದ ಕಡೆ 240 ನಂಬರಿನಿಂದ ಶುರು ಮಾಡಿ, ಗೀರಿನ ಅಂಚು ಇಳಿಜಾರಾಗುವವರೆಗೆ ಉಜ್ಜಿ. ಸರಿಯಾಗಿ ಉಜ್ಜಿದ ಜಾಗ ನಕಾಶೆಯಲ್ಲಿನ ಬೆಟ್ಟದಂತೆ ಕಾಣುತ್ತದೆ: ನಡುವೆ ಪ್ಲಾಸ್ಟಿಕ್ಕು, ಸುತ್ತ ಪ್ರೈಮರ್‌ನ ಉಂಗುರ, ಅದರ ಸುತ್ತ ಬಣ್ಣದ ಉಂಗುರ, ಹೊರಗೆ ಕ್ಲಿಯರ್. ಉಂಗುರಗಳು ಅಗಲವಾಗಿದ್ದಷ್ಟೂ ಒಳ್ಳೆಯದು. ಒಂದೊಂದೂ ಎರಡು ಮೂರು ಮಿಲಿಮೀಟರ್ ಕೂಡ ಇಲ್ಲದಿದ್ದರೆ ಮೆಟ್ಟಿಲು ಉಳಿದಿದೆ ಎಂದರ್ಥ. ಪ್ರೈಮರ್ ಎಷ್ಟು ಹೊಡೆದರೂ ಆ ಮೆಟ್ಟಿಲು ಕೊನೆಯ ಹೊಳಪಿನಲ್ಲಿ ಗೆರೆಯಾಗಿ ತೋರುತ್ತದೆ. ಕಣ್ಣು ಮುಚ್ಚಿ, ತೆಳುವಾದ ಕೈಗವಸಿನ ಬೆರಳನ್ನು ಅಡ್ಡ ಆಡಿಸಿ ನೋಡಿ. ಕಣ್ಣಿಗೆ ಸಿಗದ ಮೆಟ್ಟಿಲು ಬೆರಳಿಗೆ ಸಿಗುತ್ತದೆ.

ಉಳಿದ ಮೈಯನ್ನು 400ರಲ್ಲಿ, ನಂತರ 600ರಲ್ಲಿ ನೀರು ಹಾಕಿ ಉಜ್ಜಿ. ನೀರಿಗೆ ಒಂದು ಹನಿ ಸೋಪು ಸೇರಿಸಿದರೆ ಕಾಗದ ಬೇಗ ಕಟ್ಟಿಕೊಳ್ಳುವುದಿಲ್ಲ. ಅಂಚು, ಮೂಲೆ, ಸಂದುಗಳಿಗೆ ಸ್ಕಫ್ ಪ್ಯಾಡ್. ಎಲ್ಲೂ ಹೊಳಪು ಉಳಿಯಬಾರದು, ಇಡೀ ಕವರ್ ಒಂದೇ ತೆರನಾಗಿ ಮಂಕಾಗಬೇಕು. ಬಣ್ಣ ಸುಲಿಯಲು ಶುರುವಾಗುವುದು ಸಾಮಾನ್ಯವಾಗಿ ಕವರಿನ ಅಂಚು ಒಳಕ್ಕೆ ಮಡಚಿಕೊಳ್ಳುವ ಕಡೆ. ಉಜ್ಜುವಾಗ ಎಲ್ಲರೂ ಮರೆಯುವ ಜಾಗವೂ ಅದೇ, ಆದ್ದರಿಂದ ಮೊದಲು ಅಂಚುಗಳನ್ನು ಮುಗಿಸಿ ಆಮೇಲೆ ಮೈಗೆ ಬನ್ನಿ.

ಆಳವಾದ ಗೀರಿಗೆ ಪ್ಲಾಸ್ಟಿಕ್ಕಿಗೆಂದೇ ಬರುವ, ಬಾಗಿದರೆ ಬಿರುಕು ಬಿಡದ ಪುಟ್ಟಿ ಬಳಸಿ. ಸಾಮಾನ್ಯವಾಗಿ 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್, ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗತೊಡಗುತ್ತದೆ, ಹಾಗಾಗಿ ಗೋಲಿಯಷ್ಟು ಮಾತ್ರ ಕಲಸಿ. ಬೇಗ ಒಣಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಅದರಲ್ಲಿನ ಪೆರಾಕ್ಸೈಡ್ ಉಳಿದು ತಿಂಗಳುಗಳ ನಂತರ ಬಣ್ಣದ ಮೇಲೆ ಕಲೆಯಾಗಿ ಮೂಡಬಹುದು. ಅರ್ಧ ಗಂಟೆ ಬಿಟ್ಟು 240, ನಂತರ 400ರಲ್ಲಿ ಒಣದಾಗಿಯೇ ಉಜ್ಜಿ. ಪುಟ್ಟಿ ನೀರು ಹೀರುತ್ತದೆ, ಆ ನೀರು ಆಮೇಲೆ ಬಣ್ಣದ ಕೆಳಗೆ ಗುಳ್ಳೆಯಾಗುತ್ತದೆ.

ತಗಡಿನ ಭಾಗವಾದರೆ ತುಕ್ಕಿನ ಕೊನೆಯ ಚುಕ್ಕೆಯೂ ಹೋಗಿ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಅದೇ ದಿನ ಎಪಾಕ್ಸಿ ಪ್ರೈಮರ್ ಅಥವಾ ಎಚ್ ಪ್ರೈಮರ್ (ಆಮ್ಲದಿಂದ ಲೋಹವನ್ನು ಕಚ್ಚಿ ಹಿಡಿಯುವಂಥದ್ದು) ಹೊಡೆಯಿರಿ. ಎಚ್ ಪ್ರೈಮರ್ ಮೇಲೆ ನೇರವಾಗಿ ಪುಟ್ಟಿ ಹಚ್ಚಬಾರದು, ಅದರ ಆಮ್ಲಕ್ಕೂ ಪುಟ್ಟಿಗೂ ಆಗಿಬರುವುದಿಲ್ಲ.

ಪ್ರೈಮರ್ ಮತ್ತು ಸುಳಿವಿನ ಕೋಟ್

ಬರಿ ಪ್ಲಾಸ್ಟಿಕ್ ಕಾಣುವ ಕಡೆ ಮೊದಲು ಬಣ್ಣಕ್ಕೆ ಹಿಡಿತ ಕೊಡುವ ಪ್ಲಾಸ್ಟಿಕ್ ಅಡ್ಹೆಷನ್ ಪ್ರಮೋಟರ್ ಒಂದು ತೆಳು ಕೋಟ್. ಪಿಪಿ ಆದರೆ ಇದು ಕಡ್ಡಾಯ, ಅದಿಲ್ಲದ ಬಣ್ಣವನ್ನು ಟೇಪ್ ಅಂಟಿಸಿ ಕಿತ್ತರೆ ಹಾಳೆಯಂತೆ ಬಂದುಬಿಡುತ್ತದೆ. ಇದನ್ನು ಉಜ್ಜಬಾರದು. ಕ್ಯಾನ್ ಮೇಲೆ ಹೇಳಿದ ಹೊತ್ತಿನೊಳಗೆ ಪ್ರೈಮರ್ ಬೀಳಬೇಕು.

ಸ್ಪ್ರೇಗೆ ಕವರನ್ನು ನೀರು ತುಂಬಿದ ಬಾಟಲಿಯ ಮೇಲೋ ಮರದ ಗೂಟದ ಮೇಲೋ ಒಳಗಿನಿಂದ ಟೇಪ್ ಹಾಕಿ ನಿಲ್ಲಿಸಿ. ಕಾರಿನಲ್ಲಿ ಯಾವ ಕಡೆ ಮೇಲಿರುತ್ತದೋ ಇಲ್ಲೂ ಅದೇ ಕಡೆ ಮೇಲಿರಲಿ, ಎರಡೂ ಕವರ್ ಪಕ್ಕಪಕ್ಕ ಇರಲಿ. ಮೆಟಾಲಿಕ್‌ನಲ್ಲಿ ಲೋಹದ ಚೂರುಗಳು ಹೇಗೆ ಮಲಗುತ್ತವೆ ಎಂಬುದರ ಮೇಲೆ ಛಾಯೆ ನಿಂತಿದೆ. ಒಂದನ್ನು ನಿಲ್ಲಿಸಿ, ಒಂದನ್ನು ಮಲಗಿಸಿ ಹೊಡೆದರೆ ಎಡಬಲ ಎರಡು ಬಣ್ಣವಾಗುತ್ತವೆ. ನೆಲದಿಂದ ಸೊಂಟದ ಎತ್ತರಕ್ಕಿದ್ದರೆ ಕೆಳ ಅಂಚಿಗೂ ಕೈ ಆಡುತ್ತದೆ. ಕನ್ನಡಿಯನ್ನು ಬಿಚ್ಚದೆ ಕಾರಿನ ಮೇಲೆಯೇ ಹೊಡೆಯುವುದಾದರೆ ಬಾಗಿಲು, ಗಾಜು, ಬಾನೆಟ್ ಎಲ್ಲಾ ಹೊದಿಸಬೇಕು, ಮಂಜಿನಂಥ ಬಣ್ಣ ಮೀಟರುಗಟ್ಟಲೆ ದೂರ ಹೋಗಿ ಕೂರುತ್ತದೆ. ಬಿಚ್ಚುವ ಹತ್ತು ನಿಮಿಷಕ್ಕೆ ಹೆದರಬೇಡಿ.

ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟರೆ ಒತ್ತಡ ಸಮವಾಗಿ ಹನಿ ಸಣ್ಣದಾಗುತ್ತದೆ. ಬಿಸಿನೀರು ಬೇಡವೇ ಬೇಡ, 50 ಡಿಗ್ರಿ ದಾಟಿದರೆ ಕ್ಯಾನ್ ಸಿಡಿಯಬಹುದು. ಒಳಗಿನ ಗುಂಡು ಗಡಗಡ ಎನ್ನಲು ಶುರುವಾದ ಮೇಲೆ ಎರಡು ಮೂರು ನಿಮಿಷ ಅಲ್ಲಾಡಿಸಿ.

ಪ್ರೈಮರ್ ಮೂರು ಕೋಟ್, ನಡುವೆ ಹತ್ತು ನಿಮಿಷ. ಮೊದಲನೆಯದು ಹಿಂದಿನ ಮೈ ಕಾಣುವಷ್ಟು ತೆಳ್ಳಗಿರಲಿ. ರಾತ್ರಿಯಿಡೀ ಒಣಗಲು ಬಿಟ್ಟು ಮರುದಿನ ಕಪ್ಪು ಬಣ್ಣದ ಕ್ಯಾನಿನಿಂದ ದೂರ ನಿಂತು ಚುಕ್ಕೆ ಚುಕ್ಕೆಯಾಗಿ ಬೀಳುವಂತೆ ಒಂದು ಮಂಜು ಎರಚಿ. ಇದನ್ನು ಗೈಡ್ ಕೋಟ್ ಎನ್ನುತ್ತಾರೆ. ಆಮೇಲೆ 600ರಲ್ಲಿ, ಕೊನೆಗೆ 800ರಲ್ಲಿ ಉಜ್ಜುತ್ತಾ ಹೋದಂತೆ ಎತ್ತರದ ಕಡೆ ಕಪ್ಪು ಅಳಿಯುತ್ತದೆ, ತಗ್ಗಿದ್ದಲ್ಲಿ, ಗೀರಿದ್ದಲ್ಲಿ ಉಳಿಯುತ್ತದೆ. ಪೂರ್ತಿ ಕಪ್ಪು ಹೋದರೆ ಮೈ ಸಮವಾಯಿತು. ಒಂದು ಗೀರು ಹಟ ಹಿಡಿದು ಉಳಿದರೆ ಅಲ್ಲಿಗೆ ಇನ್ನೊಂದು ಪ್ರೈಮರ್ ಕೋಟ್, ಮತ್ತೆ ಅದೇ ಕೆಲಸ. ಉಜ್ಜುತ್ತಾ ಪ್ರೈಮರ್ ಹರಿದು ಪ್ಲಾಸ್ಟಿಕ್ ಕಂಡರೂ ಹಾಗೆಯೇ. ಬೇಸರ ಬರುವ ಹಂತ ಇದು, ಆದರೆ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಮಂಕು ಪ್ರೈಮರ್‌ನಲ್ಲಿ ಕಾಣದ ಗೀರು ಕ್ಲಿಯರ್ ಬಿದ್ದೊಡನೆ ಹೊಳೆಯುತ್ತದೆ.

ಪ್ರೈಮರ್‌ನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೆಳ್ಳಿ, ನೀಲಿ, ಕಪ್ಪಿಗೆ ಬೂದು, ಕೆಂಪು ಹಳದಿಗೆ ಬಿಳಿ. ಕೆಂಪು ಬೇಗ ಮುಚ್ಚುವುದಿಲ್ಲ, ಕಡುಬೂದಿನ ಮೇಲೆ ಹೊಡೆದರೆ ಮಂಕಾಗಿಯೇ ಉಳಿಯುತ್ತದೆ.

ಬಣ್ಣ

ಮೊದಲು ಒಂದು ರಟ್ಟಿನ ತುಂಡಿಗೆ ಅದೇ ಪ್ರೈಮರ್ ಹೊಡೆದು ಒಣಗಿಸಿ, ಅದರ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಒಂದು ಪಟ್ಟಿ ಎಳೆದು, ಟೇಪ್ ಹಾಕಿ ಭಾಗ ಮಾಡಿ. ಒಂದು ಭಾಗಕ್ಕೆ ಎರಡು ಕೋಟ್, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ನಾಲ್ಕು. ಮೇಲೆ ಕ್ಲಿಯರ್ ಹೊಡೆದು, ಕಾರಿನ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಕಪ್ಪು ಪಟ್ಟಿ ಯಾವ ಭಾಗದಲ್ಲಿ ಕಾಣೆಯಾಗಿದೆಯೋ ಅಷ್ಟು ಕೋಟ್ ಬೇಕು. ಕ್ಲಿಯರ್ ಇಲ್ಲದೆ ಹೋಲಿಸಬೇಡಿ, ಬೇಸ್ ಕೋಟ್ ಒಣಗಿದಾಗ ಸುಣ್ಣದಂತೆ ಮಂಕಾಗಿ ಬೇರೆಯೇ ಬಣ್ಣವೆನಿಸುತ್ತದೆ.

ಈಗ ಕವರ್. ಮತ್ತೊಮ್ಮೆ ಕ್ಲೀನರ್, ನಂತರ ಅಂಟು ಬಟ್ಟೆಯನ್ನು ಒತ್ತದೆ, ಗರಿಯಂತೆ ಆಡಿಸಿ. ಒತ್ತಿದರೆ ಅದರ ಅಂಟೇ ಮೈಗೆ ಹತ್ತುತ್ತದೆ. ಕ್ಯಾನ್ 20ರಿಂದ 25 ಸೆಂಟಿಮೀಟರ್ ದೂರದಲ್ಲಿರಲಿ. ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಹಿಡಿದ ಒಂದು ಗೇಣು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮಣಿಕಟ್ಟು ತಿರುಗಿಸಿದರೆ ಕ್ಯಾನ್ ಕಮಾನಿನಂತೆ ಸುತ್ತಿ, ನಡುವೆ ಹತ್ತಿರ, ತುದಿಯಲ್ಲಿ ದೂರವಾಗುತ್ತದೆ. ಭುಜದಿಂದ ಇಡೀ ತೋಳನ್ನು ಆಡಿಸಿ. ಗುಂಡಿ ಒತ್ತುವುದು ಕವರಿನ ಹೊರಗೆ, ಬಿಡುವುದೂ ಆಚೆ ಕಡೆ ಹೊರಗೆ ಹೋದ ಮೇಲೆ. ಒತ್ತಿದ ಮೊದಲ ಕ್ಷಣ ನಳಿಕೆ ದಪ್ಪ ಹನಿ ಉಗುಳುತ್ತದೆ, ಅದು ಗಾಳಿಗೆ ಹೋಗಲಿ. ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ವೇಗ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ.

ಮೊದಲ ಕೋಟ್ ನೋಡಿ ಎದೆಗುಂದಬೇಡಿ. ಅದು ಪ್ರೈಮರ್ ಕಾಣುವಂತೆ ಧೂಳು ಕೂತ ಹಾಗೆಯೇ ಇರಬೇಕು. ಮುಂದಿನ ಕೋಟ್‌ಗೆ ಹಿಡಿ ಕೊಡುವುದಷ್ಟೇ ಅದರ ಕೆಲಸ. ಅಂಚುಗಳಿಗೆ ಒಂದು ಸಾಲು ಮೊದಲೇ ಹೊಡೆದುಕೊಂಡು ಆಮೇಲೆ ಮೈಗೆ ಬನ್ನಿ, ಇಲ್ಲದಿದ್ದರೆ ಕೊನೆಗೆ ಅಂಚು ಮುಚ್ಚಲು ಹೋಗಿ ಮೈ ಮೇಲೆ ಹೆಚ್ಚು ಬೀಳುತ್ತದೆ. ಕೋಟ್ ನಡುವೆ 10ರಿಂದ 15 ನಿಮಿಷ. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಎಲ್ಲೂ ಒದ್ದೆ ಹೊಳಪಿಲ್ಲದೆ ಪೂರ್ತಿ ಮಂಕಾದ ಮೇಲೆಯೇ ಮುಂದಿನದು. ಸಾಮಾನ್ಯವಾಗಿ ಮೂರು ನಾಲ್ಕು ಕೋಟ್‌ಗೆ ಬಣ್ಣ ಮುಚ್ಚುತ್ತದೆ.

ಮೆಟಾಲಿಕ್ ಆದರೆ ಕೊನೆಗೊಂದು ತೆಳು ಕೋಟ್ ಹೆಚ್ಚು. ಕ್ಯಾನನ್ನು 30-35 ಸೆಂಟಿಮೀಟರ್‌ಗೆ ಹಿಂದೆಳೆದು, ಅಡ್ಡಡ್ಡ ಹಾಗೂ ಉದ್ದುದ್ದ ಒಂದೊಂದು ಸಲ ಹಗುರವಾಗಿ ಮಂಜಿನಂತೆ ಬೀಳಿಸಿ. ಒದ್ದೆಯಾಗಿ ಹೊಡೆದ ಕಡೆ ಲೋಹದ ಚೂರುಗಳು ತೇಲಾಡಿ ಗುಂಪುಗೂಡಿ ಮೋಡದಂಥ ಪಟ್ಟೆ ಬರುತ್ತದೆ, ಈ ಕೊನೆಯ ಒಣ ಕೋಟ್ ಅದನ್ನು ಸಮ ಮಾಡುತ್ತದೆ. ಒದ್ದೆ ಹೆಚ್ಚಾದರೆ ಎದುರಿನಿಂದ ಛಾಯೆ ಕಪ್ಪಾಗುತ್ತದೆ, ಒಣಗಾದರೆ ಬೆಳ್ಳಗಾಗುತ್ತದೆ ಎಂಬುದನ್ನು ನೆನಪಿಟ್ಟರೆ ಪರೀಕ್ಷೆಯ ಕಾರ್ಡಿನಲ್ಲೇ ಛಾಯೆಯನ್ನು ಚೂರು ಹೊಂದಿಸಿಕೊಳ್ಳಬಹುದು.

ಧೂಳಿನ ಕಣ ಕೂತರೆ ಒದ್ದೆಯಲ್ಲಿ ಬೆರಳು ಹಾಕಬೇಡಿ. ಒಣಗಿದ ಮೇಲೆ 800ರ ಚೂರಿನಿಂದ ಆ ಚುಕ್ಕೆಯನ್ನಷ್ಟೇ ಸವರಿ, ಮತ್ತೊಂದು ಬಣ್ಣದ ಕೋಟ್ ಕೊಡಿ. ಮೆಟಾಲಿಕ್ ಬೇಸ್ ಅನ್ನು ಉಜ್ಜಿ ಹಾಗೆಯೇ ಕ್ಲಿಯರ್ ಹೊಡೆದರೆ ಚೂರುಗಳು ಕತ್ತರಿಸಿಹೋಗಿ ಆ ಜಾಗ ಕಪ್ಪು ಮಚ್ಚೆಯಾಗಿ ಕಾಣುತ್ತದೆ.

ಕ್ಲಿಯರ್

ಬೇಸ್ ಮುಗಿದು ಅರ್ಧ ಗಂಟೆಯ ಹೊತ್ತಿಗೆ ಕ್ಲಿಯರ್ ಶುರು ಮಾಡಬಹುದು, ಆದರೆ ಕ್ಯಾನ್ ಮೇಲೆ ಬರೆದ ಸಮಯವೇ ಅಂತಿಮ. ತಡವಾಗಿ ಮರುದಿನಕ್ಕೆ ಹೋದರೆ ಬೇಸ್ ತೀರಾ ಒಣಗಿ ಕ್ಲಿಯರ್ ಅದಕ್ಕೆ ಬೆಸೆಯುವುದಿಲ್ಲ.

ಇಡೀ ಕೆಲಸದಲ್ಲಿ ಧೈರ್ಯ ಬೇಕಾದ ಜಾಗ ಇದೊಂದೇ. ಇಲ್ಲಿಯವರೆಗೆ ತೆಳ್ಳಗೆ, ತೆಳ್ಳಗೆ ಎಂದು ಹೇಳಿದ್ದಾಯಿತು. ಕ್ಲಿಯರ್‌ನ ಮೊದಲ ಕೋಟ್ ಹಾಗೆಯೇ ತೆಳ್ಳಗೆ, ಹತ್ತು ನಿಮಿಷ ಬಿಡಿ. ಎರಡು ಮತ್ತು ಮೂರನೆಯದು ಮಾತ್ರ ಒದ್ದೆಯಾಗಿಯೇ ಬೀಳಬೇಕು. ಒಣಗಾಗಿ ಬಿದ್ದ ಕ್ಲಿಯರ್ ಹನಿಗಳು ಒಂದಕ್ಕೊಂದು ಕೂಡಿ ಹರಿಯದೆ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗಿ ನಿಲ್ಲುತ್ತವೆ. ಅದನ್ನು ಅಳೆಯಲು ಒಂದು ಉಪಾಯವಿದೆ. ಕವರ್ ಮೇಲೆ ಟ್ಯೂಬ್‌ಲೈಟ್ ಅಥವಾ ಕಿಟಕಿಯ ಪ್ರತಿಬಿಂಬ ಬೀಳುವಂತೆ ನಿಂತು, ಕ್ಯಾನಿನ ಹಿಂದೆಯೇ ಆ ಪ್ರತಿಬಿಂಬವನ್ನು ನೋಡುತ್ತಾ ಹೋಗಿ. ಸಾಲು ದಾಟಿದ ಕೂಡಲೇ ಮರಳು ಮರಳಾಗಿದ್ದ ಬೆಳಕಿನ ಗೆರೆ ಒಂದೆರಡು ಸೆಕೆಂಡಿನಲ್ಲಿ ಕೂಡಿಕೊಂಡು ನೇರವಾದರೆ ವೇಗ ಸರಿಯಿದೆ. ಮರಳಾಗಿಯೇ ಉಳಿದರೆ ಕೈ ನಿಧಾನಿಸಿ. ಗೆರೆ ತೂಗಾಡತೊಡಗಿದರೆ, ಕೆಳ ಅಂಚಿನಲ್ಲಿ ದಪ್ಪ ಕಟ್ಟಿಕೊಂಡರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಸಾಲು ಬಿದ್ದರೆ ಇಳಿಯುತ್ತದೆ. ಮೂರನೆಯ ಕೋಟ್‌ನ ನಂತರ ಇನ್ನೂ ಹೊಳಪು ಬರಲಿ ಎಂದು ಕೈ ಚಾಚಬೇಡಿ.

ಇಳಿದ ಹನಿಯನ್ನು ಆಗಲೇ ಒರೆಸಲು ಹೋದರೆ ಬಣ್ಣವೂ ಎದ್ದುಬರುತ್ತದೆ. ಬಿಟ್ಟುಬಿಡಿ. ಒಂದು ವಾರ ಒಣಗಿದ ಮೇಲೆ ಗಟ್ಟಿ ರಬ್ಬರಿಗೆ 800 ನಂಬರಿನ ಚೂರು ಸುತ್ತಿ ಆ ಉಬ್ಬಿನ ನೆತ್ತಿಯನ್ನಷ್ಟೇ ಕರಗಿಸಿ, ಸಮವಾಗುವ ಹೊತ್ತಿಗೆ 2000ಕ್ಕೆ ಬನ್ನಿ.

ಕ್ಲಿಯರ್ ಬಿದ್ದೊಡನೆ ಅಲ್ಲಲ್ಲಿ ದುಂಡಗೆ ಗುಳಿ ಬಿದ್ದು ತಳ ಕಂಡರೆ ಅದು ಫಿಶ್ ಐ. ಕಾರಣ ಹೆಚ್ಚಾಗಿ ಸಿಲಿಕೋನ್: ಡ್ಯಾಶ್‌ಬೋರ್ಡ್, ಟೈರುಗಳಿಗೆ ಹಚ್ಚುವ ಹೊಳಪಿನ ದ್ರವ, ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ, ಕೈಗೆ ಹಚ್ಚಿದ ಕ್ರೀಮು. ಅದೇ ಜಾಗದಲ್ಲಿ ಹಿಂದಿನ ದಿನ ಅಂಥ ಸ್ಪ್ರೇ ಹೊಡೆದಿದ್ದರೂ ಸಾಕು. ಮೇಲೆ ಮೇಲೆ ಹೊಡೆದು ತುಂಬಲು ಆಗದು. ಒಣಗಿಸಿ, ಗುಳಿ ಹೋಗುವವರೆಗೆ ಉಜ್ಜಿ, ಕ್ಲೀನರ್‌ನಿಂದ ಎರಡು ಸಲ ಒರೆಸಿ ಬಣ್ಣದಿಂದ ಮತ್ತೆ ಶುರು ಮಾಡಬೇಕು. ಬಣ್ಣ ಸುಟ್ಟ ಹಪ್ಪಳದಂತೆ ಸುಕ್ಕುಗಟ್ಟಿದರೆ ಕಾರಣ ಬೇರೆ: ಮೇಲಿನ ದ್ರಾವಕ ಅರೆ ಒಣಗಿದ ಕೆಳಪದರಕ್ಕೆ ಇಳಿದು ಅದನ್ನು ಊದಿಸಿದೆ. ಇದಕ್ಕೆ ಪರಿಹಾರ ತಳದವರೆಗೆ ಉಜ್ಜುವುದು ಮಾತ್ರ.

ಒನ್ ಕೆ ಕ್ಲಿಯರ್ ಹಾಲಿನಂತೆ ಬೆಳ್ಳಗಾದರೆ ಮಾತ್ರ ಗಾಬರಿ ಬೇಡ. ಒಣ ಹವೆಯ ದಿನ, ಹೇರ್ ಡ್ರೈಯರ್‌ನಿಂದ ದೂರದಿಂದ ಬೆಚ್ಚಗೆ ಮಾಡಿ ಮತ್ತೊಂದು ತೆಳು ಕೋಟ್ ಕೊಟ್ಟರೆ ಸಾಮಾನ್ಯವಾಗಿ ತಿಳಿಯಾಗುತ್ತದೆ.

ಒಣಗುವುದು, ಹೊಳಪು, ಜೋಡಣೆ

ಅರ್ಧ ಗಂಟೆಯಲ್ಲಿ ಧೂಳು ಅಂಟದಷ್ಟು ಒಣಗುತ್ತದೆ, ಒಂದು ದಿನದಲ್ಲಿ ಕೈಯಲ್ಲಿ ಹಿಡಿಯಬಹುದು. ಒಳಗೆ ಆಗಲೂ ಮೆತ್ತಗಿರುತ್ತದೆ, ಕಾಣದ ಮೂಲೆಯಲ್ಲಿ ಉಗುರೊತ್ತಿದರೆ ಗುರುತು ಬೀಳುತ್ತದೆ. ಗುರುತು ಬೀಳುವುದು ನಿಲ್ಲುವವರೆಗೂ ಪಾಲಿಶ್ ಬೇಡ. ಒನ್ ಕೆ ಆದರೆ ಒಂದು ವಾರ ಕಾಯಿರಿ. ಬಿಸಿಲಿಗಿಟ್ಟು ಅವಸರಪಡಿಸಿದರೆ ಮೇಲ್ಪದರ ಮುಚ್ಚಿಕೊಂಡು ಒಳಗಿನ ದ್ರಾವಕ ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ.

ಹೊಳಪು ತೃಪ್ತಿಕರವಾಗಿದ್ದರೆ ಉಜ್ಜಲೇಬೇಕೆಂದಿಲ್ಲ. ಕಿತ್ತಳೆ ಸಿಪ್ಪೆಯೋ ಧೂಳಿನ ಕಣವೋ ಇದ್ದರೆ ಮಾತ್ರ 2000 ನಂಬರನ್ನು ಸೋಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಗುರವಾಗಿ ಉಜ್ಜಿ. ಆಗಾಗ ಒರೆಸಿ ನೋಡಿ, ಹೊಳೆಯುವ ಚುಕ್ಕೆಗಳು ಎಂದರೆ ಇನ್ನೂ ಉಳಿದ ತಗ್ಗುಗಳು. ಅವು ಹೋದ ಕ್ಷಣ ನಿಲ್ಲಿಸಿ 3000, ನಂತರ ಸ್ಪಂಜಿನ ಮೇಲೆ ಕಾಂಪೌಂಡ್. ಅಂಚು ಮತ್ತು ಏಣುಗಳಲ್ಲಿ ಬಣ್ಣ ಯಾವಾಗಲೂ ತೆಳ್ಳಗಿರುತ್ತದೆ, ಅಲ್ಲಿ ಟೇಪ್ ಹಾಕಿಯೇ ಉಜ್ಜಿ. ತೊಳೆದ ನೀರಿನಲ್ಲಿ ಕಾರಿನ ಬಣ್ಣ ಕಂಡರೆ ಕ್ಲಿಯರ್ ಹರಿದಿದೆ.

ಕ್ಲಿಪ್‌ಗಳ ಮೇಲೆ ಬಣ್ಣ ಕೂತಿದ್ದರೆ ಬ್ಲೇಡಿನಿಂದ ಕೆರೆದು ಜೋಡಿಸಿ, ಆ ಚೂರು ದಪ್ಪಕ್ಕೇ ಕ್ಲಿಪ್ ಬಿಗಿಯಾಗಿ ಮುರಿಯುವುದುಂಟು. ತಿಂಗಳವರೆಗೆ ವ್ಯಾಕ್ಸ್ ಹಚ್ಚಬೇಡಿ, ಪ್ರೆಶರ್ ವಾಶರ್ ಹತ್ತಿರ ತರಬೇಡಿ, ಹಕ್ಕಿ ಹಿಕ್ಕೆ ಬಿದ್ದರೆ ಅಂದೇ ನೀರಿನಲ್ಲಿ ತೊಳೆಯಿರಿ.

ಉಳಿದ ಒನ್ ಕೆ ಕ್ಯಾನುಗಳನ್ನು ತಲೆಕೆಳಗಾಗಿ ಹಿಡಿದು ಬರಿ ಗ್ಯಾಸು ಬರುವವರೆಗೆ ಒತ್ತಿ, ನಳಿಕೆ ಕಟ್ಟಿಕೊಳ್ಳುವುದಿಲ್ಲ. ಬಿಸಿಲು ಬೀಳದ ಕಡೆ ಇಡಿ. ಬೇಸ್ ಕೋಟ್ ಕ್ಯಾನಿಗೆ ಕೋಡ್ ಬರೆದು ಪರೀಕ್ಷೆಯ ಕಾರ್ಡನ್ನೂ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಡಿ. ಬಂಪರಿನ ಮೂಲೆ ಎಲ್ಲಾದರೂ ತಾಗಿದ ದಿನ ಎಷ್ಟು ಕೋಟ್ ಹೊಡೆಯಬೇಕು ಎಂದು ಆ ಕಾರ್ಡೇ ಹೇಳುತ್ತದೆ.